ಎಂಟನೇ ತರಗತಿಯ ಅರ್ಜಿ: ಐದು ನಿಮಿಷದ ತೀರ್ಮಾನವೇ?

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ನ ಪ್ರೌಢಶಾಲೆಗಳ ಕಚೇರಿಯ ಮುಂದೆ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಏಳನೇ ತರಗತಿ ಮುಗಿಸಿದ ಮಗುವನ್ನು ಕರೆದುಕೊಂಡು ತಂದೆಯೋ ತಾಯಿಯೋ ಬಂದಿರುತ್ತಾರೆ. ಕೈಯಲ್ಲಿ ವರ್ಗಾವಣೆ ಪತ್ರ, ಆಧಾರ್ ಪ್ರತಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಯಾವ ಮಾಧ್ಯಮ? ಪ್ರಥಮ ಭಾಷೆ ಯಾವುದು? ತೃತೀಯ ಭಾಷೆ ಯಾವುದು? ಗುಮಾಸ್ತರು ಕೇಳುವ ಈ ಮೂರು ಪ್ರಶ್ನೆಗಳಿಗೆ ತಂದೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಾರೆ. ಪಕ್ಕದವರು ತಮ್ಮ ಮಗನಿಗೆ ಬರೆಸಿದ್ದನ್ನೇ ಹೇಳುತ್ತಾರೆ. ಐದು ನಿಮಿಷದಲ್ಲಿ ಅರ್ಜಿ ತುಂಬಿ ಮುಗಿಯುತ್ತದೆ. ಮದುವೆಯ ಮಂಟಪ ಗೊತ್ತುಪಡಿಸಲು ಹತ್ತು ಜನರೊಂದಿಗೆ ಸಮಾಲೋಚಿಸುವ ನಾವು, ಮಗುವಿನ ಮುಂದಿನ ಮೂರು ವರ್ಷಗಳನ್ನೂ ಅದರಾಚೆಯ ಬದುಕನ್ನೂ ನಿರ್ಧರಿಸುವ ಈ ಅರ್ಜಿಗೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಇದು ವಿಷಾದದ ಸಂಗತಿ.

ಇದು ಕ್ಷುಲ್ಲಕ ವಿಷಯವೆಂದು ಯಾರಾದರೂ ಭಾವಿಸುವುದಾದರೆ ಅವರು ನಾಡಿನ ಇತಿಹಾಸವನ್ನು ಒಮ್ಮೆ ನೆನೆಯಬೇಕು. 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ಮುಂದಿದ್ದ ಪ್ರಶ್ನೆ ಬೇರೆ ಯಾವುದೂ ಅಲ್ಲ. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಿರಬೇಕೆಂಬುದೇ ಆಗಿತ್ತು. 1981ರಲ್ಲಿ ಬಂದ ಅದರ ವರದಿ 1982ರಲ್ಲಿ ಇಡೀ ರಾಜ್ಯವನ್ನು ಬೀದಿಗಿಳಿಸಿತು. ರಾಜಕುಮಾರ್ ಅವರಂಥ ನಟರೂ ಚಳವಳಿಯ ಮುಂದೆ ನಿಂತರು. ಬಳಿಕ ಆ ವಿವಾದ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಮಾಧ್ಯಮದ ಪ್ರಶ್ನೆಯಂತೂ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ತೀರ್ಮಾನವಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಬಲವಂತವಾಗಿ ಹೇರುವಂತಿಲ್ಲ, ಆಯ್ಕೆಯ ಹಕ್ಕು ಮಗುವಿನದು ಮತ್ತು ಅದರ ಪರವಾಗಿ ಹೆತ್ತವರದು ಎಂದಿತು ಆ ತೀರ್ಪು. ಹಕ್ಕೇನೋ ನಮ್ಮ ಕೈಗೆ ಬಂತು. ಆದರೆ ಆ ಹಕ್ಕನ್ನು ಚಲಾಯಿಸುವ ತಿಳಿವಳಿಕೆ ಬಂದಿದೆಯೇ?

ನಮ್ಮ ಸಮುದಾಯದ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾದುದು. ಸರಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಏಳನೇ ತರಗತಿಗೆ ಮುಗಿಯುತ್ತವೆ. ಉರ್ದು ಮಾಧ್ಯಮದ ಪ್ರೌಢಶಾಲೆ ಎಲ್ಲ ಊರುಗಳಲ್ಲಿ ಇಲ್ಲ. ಹೀಗಾಗಿ ಏಳು ವರ್ಷ ಉರ್ದುವಿನಲ್ಲಿ ಓದಿದ ಮಗು ಎಂಟನೆಯ ವರ್ಷ ಇದ್ದಕ್ಕಿದ್ದಂತೆ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದ ಬೆಂಚಿನ ಮೇಲೆ ಕುಳಿತಿರುತ್ತದೆ. ಅಲ್ಲಿಯವರೆಗೆ ‘ಮುಸಲ್ಲಸ್’ ಎಂದು ಕಲಿತದ್ದು ಒಂದೇ ದಿನದಲ್ಲಿ ‘ತ್ರಿಭುಜ’ವಾಗುತ್ತದೆ, ಇಲ್ಲವೇ ‘ಟ್ರಯಾಂಗಲ್’ ಆಗುತ್ತದೆ. ‘ಜಿಯಾಈ ತಾಲೀಫ್’ ಹೋಗಿ ‘ದ್ಯುತಿಸಂಶ್ಲೇಷಣೆ’ ಬರುತ್ತದೆ. ಮಗುವಿಗೆ ಗಣಿತ ಗೊತ್ತಿಲ್ಲವೆಂದಲ್ಲ. ಗಣಿತದ ಹೆಸರುಗಳು ಗೊತ್ತಿಲ್ಲ. ಆದರೆ ತರಗತಿಯಲ್ಲಿ ಅದು ದಡ್ಡ ಎನಿಸಿಕೊಳ್ಳುತ್ತದೆ. ದಡ್ಡ ಎನಿಸಿಕೊಂಡ ಹುಡುಗ ಒಂಬತ್ತನೇ ತರಗತಿಯ ಹೊತ್ತಿಗೆ ಗ್ಯಾರೇಜಿನಲ್ಲಿರುತ್ತಾನೆ, ಹುಡುಗಿ ಮನೆಯಲ್ಲಿರುತ್ತಾಳೆ. ಅವರು ಓದಿನಲ್ಲಿ ಆಸಕ್ತಿ ಕಳೆದುಕೊಂಡರೆಂದು ನಾವು ಹೇಳಿಕೊಳ್ಳುತ್ತೇವೆ. ವಾಸ್ತವದಲ್ಲಿ ದಾರಿ ತಪ್ಪಿಸಿದವರು ನಾವೇ.

ಇಲ್ಲಿ ನಾವು ಮಾಡುವ ಮೊದಲ ತಪ್ಪೆಂದರೆ ಭಾಷೆ ಮತ್ತು ಮಾಧ್ಯಮವನ್ನು ಒಂದೇ ಎಂದು ತಿಳಿಯುವುದು. ಅವು ಎರಡು ಬೇರೆ ಕಾಲಂಗಳು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನವನ್ನು ಯಾವ ಭಾಷೆಯಲ್ಲಿ ಕಲಿಯಬೇಕೆಂಬುದು ಮಾಧ್ಯಮ. ಭಾಷೆಯಾಗಿ ಯಾವುದನ್ನು ಓದಬೇಕೆಂಬುದು ಬೇರೆ ವಿಷಯ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್, ಸಂಸ್ಕೃತಗಳ ಜೊತೆಗೆ ಉರ್ದುವೂ ಇದೆ. ತೃತೀಯ ಭಾಷೆಗಳ ಪಟ್ಟಿಯಲ್ಲಿ ಹಿಂದಿಯ ಜೊತೆಗೆ ಉರ್ದು, ಅರಬಿ, ಫಾರ್ಸಿಗಳಿವೆ. ಅಂದರೆ ಕನ್ನಡ ಮಾಧ್ಯಮಕ್ಕೆ ಹೋದ ಕೂಡಲೇ ಉರ್ದು ಕೈಬಿಟ್ಟುಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿದ್ದಾರೆಯೇ ಎಂದು ಕೇಳಿ ತಿಳಿಯುವ ಕೆಲಸವಷ್ಟೇ ನಮ್ಮದು. ಶಿಕ್ಷಕರಿಲ್ಲದಿದ್ದರೆ ಹುದ್ದೆಗಾಗಿ ಒತ್ತಾಯಿಸುವುದೂ ನಮ್ಮದೇ ಕೆಲಸ.

ಕನ್ನಡವನ್ನಂತೂ ಬಿಡುವ ಪ್ರಶ್ನೆಯೇ ಇಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು 2017-18ರಿಂದ ಹಂತ ಹಂತವಾಗಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸುವುದನ್ನು ಕಡ್ಡಾಯಗೊಳಿಸಿದೆ. ಕಾನೂನಿನ ಮಾತು ಹಾಗಿರಲಿ. ಈ ನೆಲದಲ್ಲಿ ಬದುಕುವವರಿಗೆ, ಇಲ್ಲಿನ ತಾಲೂಕು ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಆಸ್ಪತ್ರೆಯಲ್ಲಿ ತಲೆಯೆತ್ತಿ ಮಾತನಾಡಬೇಕಾದವರಿಗೆ ಕನ್ನಡ ಔದಾರ್ಯದ ವಿಷಯವಲ್ಲ, ಅಗತ್ಯದ ವಿಷಯ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರರಾದ ಬಾನು ಮುಷ್ತಾಕ್ ಅವರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿದಾಗ, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಅವರು ಕಲಿತರು. ಇದನ್ನು ಕೇಳಿ ಹೆಮ್ಮೆಪಡುವವರು ಒಂದು ಅಂಶವನ್ನು ಗಮನಿಸಬೇಕು: ಆಗ ಅವರಿಗೆ ಎಂಟು ವರ್ಷ, ಹದಿಮೂರಲ್ಲ. ಬದಲಾವಣೆ ಮಾಡುವುದಾದರೆ ಅದು ಬೇಗ ಆಗಬೇಕು. ತಡವಾಗಿ ಮಾಡುವುದಾದರೆ ಸಿದ್ಧತೆಯೊಂದಿಗೆ ಆಗಬೇಕು.

ಎರಡನೆಯ ತಪ್ಪು ಪ್ರತಿಷ್ಠೆಯದು. ಏಳು ವರ್ಷ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿಯೇ ಓದಿದ ಮಗುವನ್ನು ಎಂಟನೇ ತರಗತಿಗೆ ನಗರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು ಇಂದಿನ ರೂಢಿ. ಗುಬ್ಬಿ ತಾಲೂಕಿನ ಒಂದು ಹಳ್ಳಿಯ ಹುಡುಗನನ್ನೇ ಉದಾಹರಣೆಯಾಗಿಟ್ಟುಕೊಳ್ಳೋಣ. ಒಂದರಿಂದ ಏಳರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ್ದಾನೆ. ತಂದೆ ಸಾಲ ಮಾಡಿ ಅವನನ್ನು ಇಪ್ಪತ್ತು ಕಿ.ಮೀ. ದೂರದ ತುಮಕೂರಿನ ಖಾಸಗಿ ಶಾಲೆಗೆ ಸೇರಿಸುತ್ತಾರೆ. ಈ ಒಂದು ಹೆಜ್ಜೆಯಲ್ಲಿ ಅವನು ಏನೇನು ಕಳೆದುಕೊಂಡನೆಂದು ಆ ತಂದೆಗೆ ಯಾರೂ ಹೇಳಿರುವುದಿಲ್ಲ.

ವೃತ್ತಿ ಶಿಕ್ಷಣ ಕೋರ್ಸುಗಳ ಸರಕಾರಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಶೇಕಡಾ 5 ಮೀಸಲಾತಿಯಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಪಟ್ಟಿಯಲ್ಲಿ 2ಬಿಜಿ, 2ಬಿಕೆ, 2ಬಿಆರ್ ಎಂಬ ಸಂಕೇತಗಳನ್ನು ಕಂಡವರಿಗೆ ಇದರ ಅರ್ಥ ಗೊತ್ತು. ರಾಜ್ಯ ಸರಕಾರದ ನೇರ ನೇಮಕಾತಿಯಲ್ಲಿಯೂ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. ಆದರೆ ಇವೆಲ್ಲಕ್ಕೂ ಒಂದು ಷರತ್ತಿದೆ: ಒಂದರಿಂದ ಹತ್ತನೇ ತರಗತಿಯವರೆಗೆ, ಪೂರ್ಣ ಹತ್ತು ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಏಳು ವರ್ಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಹುಡುಗ ಎಂಟನೇ ತರಗತಿಯಲ್ಲಿ ಮಾಧ್ಯಮವನ್ನೂ ಊರನ್ನೂ ಒಟ್ಟಿಗೆ ಬದಲಿಸಿ ಎರಡೂ ಅರ್ಹತೆಗಳನ್ನು ಒಂದೇ ದಿನ ಕಳೆದುಕೊಂಡ. ಅಷ್ಟೇ ಅಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದಷ್ಟೆ. ಖಾಸಗಿ ಅನುದಾನರಹಿತ ಶಾಲೆಗೆ ಹೋದವನಿಗೆ ಆ ಪರೀಕ್ಷೆ ಬರೆಯುವ ಅವಕಾಶವೇ ಇಲ್ಲ.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿದ್ದ ಮಗು ಅಲ್ಲಿಯೇ ಮುಂದುವರಿಯಲಿ. ಆದರೆ ಭಾಷೆಯಾಗಿ ಇಂಗ್ಲಿಷನ್ನು ಕಲಿಯುವುದಕ್ಕೂ, ಅರ್ಥವಾಗದ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಬಾಯಿಪಾಠ ಮಾಡುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಮೊದಲನೆಯದು ಶಿಕ್ಷಣ; ಎರಡನೆಯದು ಶುಲ್ಕ ಕೊಟ್ಟು ಕೊಂಡ ಭ್ರಮೆ.

ಮೂರನೆಯ ತಪ್ಪು ಅಂಕಗಳ ವ್ಯಾಪಾರ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆದುದರಿಂದ ‘ಸುಲಭವಾಗಿ ಅಂಕ ಬರುವ’ ಭಾಷೆಯನ್ನು ಪ್ರಥಮ ಭಾಷೆಯಾಗಿ ಆರಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಯಾವ ಭಾಷೆಯ ಬಗ್ಗೆಯೂ ನಮಗೆ ಅಗೌರವವಿಲ್ಲ. ಆಸಕ್ತಿಯಿಂದ ಸಂಸ್ಕೃತ ಕಲಿಯುವ ಮಗು ಕಲಿಯಲಿ, ಅರಬಿ ಕಲಿಯುವ ಮಗು ಕಲಿಯಲಿ. ಆದರೆ ಕೇವಲ ಅಂಕಕ್ಕಾಗಿ ಆರಿಸಿದ ಭಾಷೆ ಹತ್ತನೇ ತರಗತಿಯ ಫಲಿತಾಂಶದೊಂದಿಗೆ ಮರೆತುಹೋಗುತ್ತದೆ. ಇಂಜಿನಿಯರಿಂಗ್ ರ‍್ಯಾಂಕನ್ನು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಮತ್ತು ಸಿಇಟಿಯ ಅಂಕಗಳನ್ನು ಸಮಸಮವಾಗಿ ಸೇರಿಸಿ ನಿರ್ಧರಿಸಲಾಗುತ್ತದೆ. ಅಲ್ಲಿ ಹತ್ತನೇ ತರಗತಿಯ ಭಾಷೆಯ ಅಂಕಕ್ಕೆ ಸ್ಥಾನವಿಲ್ಲ. ಭಾಷೆಯ ಓದಿನಿಂದ ಉಳಿಯುವುದು ಒಂದೇ: ಓದಿ ಅರ್ಥ ಮಾಡಿಕೊಳ್ಳುವ, ಅರ್ಥವಾದುದನ್ನು ಬರೆಯುವ ಶಕ್ತಿ. ಅದನ್ನು ಕೊಡುವ ಭಾಷೆಯೇ ಮಗುವಿನ ಪ್ರಥಮ ಭಾಷೆಯಾಗಬೇಕು.

ತೃತೀಯ ಭಾಷೆಯನ್ನಂತೂ ನಾವು ಗಮನಿಸುವುದೇ ಇಲ್ಲ. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗವು ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಸರಕಾರದ ಕ್ರಮ ಏನೇ ಇರಲಿ, ಆಯ್ದ ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಆರೋಗ್ಯ ಸೇವೆ ಮುಂತಾದ ವೃತ್ತಿಪರ ವಿಷಯಗಳನ್ನು ಎನ್.ಎಸ್.ಕ್ಯೂ.ಎಫ್. ಯೋಜನೆಯಡಿ ಆರಿಸಿಕೊಳ್ಳುವ ಅವಕಾಶವಿದೆ. ಗ್ಯಾರೇಜಿಗೆ ಹೋಗುವ ನಮ್ಮ ಹುಡುಗರಿಗೆ ಅದೇ ವಿದ್ಯೆ ಶಾಲೆಯೊಳಗೆ, ಪ್ರಮಾಣಪತ್ರದೊಂದಿಗೆ, ಗಣಿತ ವಿಜ್ಞಾನಗಳ ಜೊತೆಜೊತೆಗೆ ದೊರೆಯುವುದಾದರೆ ಅದನ್ನು ಕೇಳಿ ಪಡೆಯಬಾರದೇಕೆ? 2023ರ ಫೆಬ್ರವರಿ 6ರಂದು ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಇಂತಹ ಕಾರ್ಖಾನೆಗಳ ಗೇಟಿನ ಹೊರಗೆ ಚಹಾದಂಗಡಿ ಇಡುವುದೋ, ಒಳಗೆ ಯಂತ್ರದ ಮುಂದೆ ನಿಲ್ಲುವುದೋ ಎಂಬ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಎಂಟು, ಒಂಬತ್ತನೇ ತರಗತಿಯ ಗಣಿತದಲ್ಲಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಕುಣಿಗಲ್‌ನಂಥ ಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಹುಡುಗಿಗೆ ಮಾಧ್ಯಮದ ಆಯ್ಕೆಯೇ ಇರುವುದಿಲ್ಲ. ಹತ್ತಿರದ ಶಾಲೆಯೇ ಆಯ್ಕೆ, ಅದಿಲ್ಲದಿದ್ದರೆ ಮನೆಯೇ ಆಯ್ಕೆ. ಅಣ್ಣನಿಗೆ ಖಾಸಗಿ ಶಾಲೆ, ತಂಗಿಗೆ ‘ಸಾಕು’ ಎಂಬ ಒಂದು ಪದ. ಬಸ್ಸಿನ ಖರ್ಚಿನ ನೆಪವನ್ನು 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಇಲ್ಲವಾಗಿಸಿದೆ. ದೂರದ ಭಯವಿದ್ದವರಿಗೆ ಆರನೇ ತರಗತಿಯಿಂದಲೇ ಪ್ರವೇಶ ನೀಡುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಆದರೆ ಅದರ ಅರ್ಜಿಯನ್ನು ಐದನೇ ತರಗತಿಯಲ್ಲೇ ಹಾಕಬೇಕು. ಏಳು ಮುಗಿದ ಮೇಲೆ ಎಚ್ಚೆತ್ತರೆ ಏನು ಪ್ರಯೋಜನ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ತೀರ್ಮಾನ ಮೇ ತಿಂಗಳ ಸಾಲಿನಲ್ಲಿ ಆಗಬಾರದು. ಏಳನೇ ತರಗತಿಯ ಜನವರಿಯಲ್ಲಿ ಆಗಬೇಕು. ಮಗು ಸೇರಲಿರುವ ಮಾಧ್ಯಮದ ಏಳನೇ ತರಗತಿಯ ವಿಜ್ಞಾನ ಪುಸ್ತಕದ ಒಂದು ಪುಟವನ್ನು ಅದರ ಕೈಗೆ ಕೊಟ್ಟು ಓದಿಸಬೇಕು. ಓದಿದ್ದನ್ನು ಸ್ವಂತ ಮಾತಿನಲ್ಲಿ, ಮನೆಯ ಭಾಷೆಯಲ್ಲಾದರೂ ಸರಿ, ವಿವರಿಸಿದರೆ ಆ ಮಾಧ್ಯಮ ಅದಕ್ಕೆ ಸಲ್ಲುತ್ತದೆ. ವಿವರಿಸಲಾಗದಿದ್ದರೆ ಮಾಧ್ಯಮ ಬದಲಿಸಬೇಡಿ. ಬದಲಿಸುವುದು ಅನಿವಾರ್ಯವಾದರೆ ನಾಲ್ಕು ತಿಂಗಳ ಸಿದ್ಧತೆ ಮಾಡಿಸಿ. ಜೂನ್‌ನಲ್ಲಿ ಶಾಲೆಗಳು ನಡೆಸುವ ಸೇತುಬಂಧ ಒಂದೇ ಇದಕ್ಕೆ ಸಾಲದು. ಎರಡನೆಯದಾಗಿ, ನಮ್ಮ ಜಮಾಅತುಗಳು ಮತ್ತು ಯುವಕ ಸಂಘಗಳು ಬೇಸಿಗೆ ರಜೆಯಲ್ಲಿ ಉರ್ದು ಶಾಲೆಯ ಏಳನೇ ತರಗತಿ ಮಕ್ಕಳಿಗೆ ಗಣಿತ, ವಿಜ್ಞಾನದ ಕನ್ನಡ ಪಾರಿಭಾಷಿಕ ಪದಗಳನ್ನು ಕಲಿಸುವ ತರಗತಿ ನಡೆಸಬೇಕು. ಇದಕ್ಕೆ ಲಕ್ಷಾಂತರ ರೂಪಾಯಿ ಬೇಡ. ಮಸೀದಿಯ ಪಕ್ಕದ ಒಂದು ಕೋಣೆ, ಒಂದು ಕಪ್ಪು ಹಲಗೆ, ಇಬ್ಬರು ಪದವೀಧರರು ಸಾಕು. ಮೂರನೆಯದಾಗಿ, ಉರ್ದು ಶಾಲೆಗಳಲ್ಲಿ ಕನ್ನಡ ಶಿಕ್ಷಕರ ಹುದ್ದೆ, ಪ್ರೌಢಶಾಲೆಗಳಲ್ಲಿ ಉರ್ದು ಶಿಕ್ಷಕರ ಹುದ್ದೆ ಖಾಲಿ ಉಳಿಯದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ ಜನಪ್ರತಿನಿಧಿಗಳನ್ನೂ ಕೇಳಬೇಕು. ಚುನಾವಣೆಯಲ್ಲಿ ನಮ್ಮ ಮತ ಕೇಳಲು ಬರುವವರಿಂದ ನಾವು ಶಾದಿಮಹಲಿನ ಬೇಡಿಕೆಯನ್ನು ಮಾತ್ರ ಇಡುತ್ತಾ ಬಂದಿದ್ದೇವೆ. ಒಮ್ಮೆ ಶಿಕ್ಷಕರನ್ನು ಕೇಳಿ ನೋಡೋಣ.

ಕೊನೆಯದಾಗಿ, ಮಗುವನ್ನೂ ಕೇಳೋಣ. ಹದಿಮೂರು ವರ್ಷದ ಮಗುವಿಗೆ ಎಲ್ಲವೂ ತಿಳಿಯದು, ನಿಜ. ಆದರೆ ತನಗೆ ಯಾವ ಪಾಠ ಅರ್ಥವಾಗುತ್ತಿದೆ, ಯಾವುದು ಆಗುತ್ತಿಲ್ಲ ಎಂಬುದು ಅದರಷ್ಟು ಸ್ಪಷ್ಟವಾಗಿ ತಂದೆಗೂ ತಿಳಿಯದು, ಪಕ್ಕದ ಮನೆಯವರಿಗಂತೂ ತಿಳಿಯವೇ ತಿಳಿಯದು. ಮುಂದಿನ ಮೇ ತಿಂಗಳಲ್ಲಿ ಗುಮಾಸ್ತರು ಆ ಮೂರು ಪ್ರಶ್ನೆಗಳನ್ನು ಕೇಳಿದಾಗ ತಂದೆ ಪಕ್ಕದವರ ಮುಖ ನೋಡದೆ, ಮನೆಯಲ್ಲಿ ಮೊದಲೇ ಯೋಚಿಸಿ ಬರೆದುಕೊಂಡು ಬಂದ ಉತ್ತರವನ್ನು ಹೇಳುವಂತಾದರೆ, ಸಮುದಾಯದ ಶೈಕ್ಷಣಿಕ ಸುಧಾರಣೆಯ ಬಗ್ಗೆ ನಾವು ನಡೆಸುವ ಹತ್ತು ಸಮಾವೇಶಗಳಿಗಿಂತ ಅದು ಮಿಗಿಲಾದುದು.