ಪೌರನೀತಿಯ ಪಾಠ ಮತ್ತು ಸಂಘದ ಶಲಾಕೆ

ಬೀದರ ನಗರದ ಚಿದ್ರಿಯಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಬುದ್ಧನ ಹೆಸರು ಮಕ್ಕಳಿಗೆ ಅಪರಿಚಿತವಲ್ಲ. ಕರ್ನಾಟಕದ ಬೌದ್ಧರಲ್ಲಿ ದೊಡ್ಡ ಪಾಲು ಬೀದರ, ಕಲಬುರಗಿ ಜಿಲ್ಲೆಗಳವರು. ಹೀಗಿರುವಾಗ ಪ್ರೌಢಶಾಲೆಯ ಪೌರನೀತಿ ಬೋಧನೆಯಲ್ಲಿ ಬೌದ್ಧ ತತ್ತ್ವಗಳಿಗೆ ಸ್ಥಾನವಿರಬೇಕೆಂಬ ವಿಚಾರಕ್ಕೆ ಈ ನೆಲದಲ್ಲಿ ವಿಶೇಷ ತೂಕವಿದೆ. ನಾನು ಅದನ್ನು ಒಪ್ಪುವವನೇ. ಆದರೆ ಯಾವ ತತ್ತ್ವ, ಯಾವ ರೂಪದಲ್ಲಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಸಾಮಾನ್ಯವಾಗಿ ನೆನಪಾಗುವುದು ಪಂಚಶೀಲ. ಅದನ್ನು ಪ್ರಾರ್ಥನೆಯಂತೆ ಹೇಳಿಸಿದರೆ ಎರಡು ತೊಡಕುಗಳುಂಟು. ಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ಸಂವಿಧಾನದ 28ನೆಯ ವಿಧಿ ನಿಷೇಧಿಸುತ್ತದೆ. ಇನ್ನೊಂದು ತೊಡಕು ಹೆಚ್ಚು ನೋವಿನದು. ಬುದ್ಧವಂದನೆಯ ಮನೆಯ ಮಗು, ವಚನ ಕೇಳಿ ಬೆಳೆದ ಮಗು, ನಮಾಜಿನ ಮನೆಯ ಮಗು ಒಂದೇ ಬೆಂಚಿನಲ್ಲಿ ಕುಳಿತಿರುವಾಗ ಪಾಠವು ಒಂದು ಮನೆಯ ಸೊತ್ತೆನಿಸಿದರೆ ಉಳಿದವರು ಅದಕ್ಕೆ ಕಿವಿಗೊಡರು. ಆ ಮನೆಯ ಮಗುವಿನತ್ತ ಮಾತ್ರ ಎಲ್ಲರ ಬೆರಳು ತಿರುಗೀತು. ಜಾತಿಯ ಗುರುತನ್ನು ಕಳೆದುಕೊಳ್ಳಲೆಂದು ಹಿಡಿದ ಮಾರ್ಗವೇ ಹೊಸ ಗುರುತಾಗುವುದಕ್ಕಿಂತ ಕ್ರೂರವಾದುದು ಇನ್ನೇನು?

ದಾರಿಯನ್ನು ಅಂಬೇಡ್ಕರರೇ ತೋರಿದ್ದಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು, ಸಭಾಸನಗಳ ವ್ಯವಸ್ಥೆ, ಠರಾವು, ಕೋರಂ, ಮತ ಎಣಿಕೆ, ಗುಪ್ತ ಮತದಾನ ಇವೆಲ್ಲ ಭಿಕ್ಷುಸಂಘಕ್ಕೆ ತಿಳಿದಿದ್ದುವೆಂದು ನೆನಪಿಸಿದರು. ನಮ್ಮ ಶಾಲೆಗಳಿಗೆ ಬೇಕಾದುದು ಈ ಬುದ್ಧನ ಪರಂಪರೆ.

ವಿನಯಪಿಟಕವನ್ನು ತೆರೆದರೆ ಇದರ ವಿವರಗಳು ಬೆರಗು ಹುಟ್ಟಿಸುವಷ್ಟಿವೆ. ವಿಷಯವನ್ನು ಮೊದಲು ಸಂಘದ ಮುಂದಿಡುವುದು 'ಞತ್ತಿ'. ಮುಖ್ಯ ಕಾರ್ಯಗಳಲ್ಲಿ ಅದರ ನಂತರ ಪ್ರಸ್ತಾವವನ್ನು ಮೂರು ಬಾರಿ ಘೋಷಿಸುತ್ತಾರೆ. ಒಪ್ಪಿದವರು ಮೌನವಾಗಿರಬೇಕು, ಒಪ್ಪದವರು ಬಾಯಿ ತೆರೆಯಬೇಕು. ರೋಗಿಯಾದ ಭಿಕ್ಷು ತನ್ನ ಸಮ್ಮತಿಯನ್ನು ಇನ್ನೊಬ್ಬನ ಮೂಲಕ ಕಳುಹಿಸಬಹುದು. ವಿವಾದ ತೀರದಿದ್ದರೆ ಶಲಾಕೆ, ಎಂದರೆ ಕಡ್ಡಿಗಳಿಂದ ಮತದಾನ. ಆ ಕಡ್ಡಿಗಳನ್ನು ಹಂಚುವವನು ಪಕ್ಷಪಾತ, ದ್ವೇಷ, ಮೋಹ, ಭಯ ಈ ನಾಲ್ಕಕ್ಕೂ ವಶನಾಗದವನಿರಬೇಕು. ಗಡಿನಾಡಿನವರಾದ ನಮಗೆ ಪ್ರಿಯವಾಗುವ ಸಂಗತಿಯೊಂದಿದೆ: ಮಧ್ಯದೇಶದಲ್ಲಿ ಉಪಸಂಪದೆಗೆ ಹತ್ತು ಭಿಕ್ಷುಗಳು ಬೇಕಾದರೆ, ಭಿಕ್ಷುಗಳು ವಿರಳವಾದ ಗಡಿಪ್ರದೇಶಗಳಲ್ಲಿ ಐವರು ಸಾಕೆಂದು ಬುದ್ಧನು ನಿಯಮವನ್ನು ಸಡಿಲಿಸಿದನು. ನಿಯಮವೂ ಬೇಕು, ನೆಲದ ಸ್ಥಿತಿಯೂ ಕಾಣಬೇಕೆಂಬುದನ್ನು ಒಂಬತ್ತನೆಯ ತರಗತಿಯವರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಸಂಘವನ್ನು ದೋಷರಹಿತವೆಂದು ಬಣ್ಣಿಸುವ ಅಗತ್ಯವೂ ಇಲ್ಲ. ನೂರು ವರ್ಷದ ಹಿರಿಯ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ನಮಸ್ಕರಿಸಬೇಕೆಂಬ ನಿಯಮ ಅದೇ ಪಿಟಕದಲ್ಲಿದೆ. ವಿದ್ಯಾರ್ಥಿನಿಯರು ಇದನ್ನು ಪ್ರಶ್ನಿಸಲಿ. ಕೇಳಿದ ಮಾತ್ರಕ್ಕೆ, ಪರಂಪರೆಯೆಂಬ ಕಾರಣಕ್ಕೆ ಒಪ್ಪಬೇಡಿರೆಂದು ಕಾಲಾಮರಿಗೆ ಹೇಳಿದವನು ಬುದ್ಧನೇ ಅಲ್ಲವೆ? ಪ್ರಶ್ನೆಗೆ ಅವಕಾಶವಿಲ್ಲದಿದ್ದರೆ ಆ ಪಾಠವನ್ನು ಪೌರನೀತಿ ಎನ್ನುವಂತಿಲ್ಲ.

2023ರಲ್ಲಿ ರಾಜ್ಯ ಸರ್ಕಾರವು ಶಾಲೆಗಳಲ್ಲಿ ಸಂವಿಧಾನ ಪೀಠಿಕೆಯ ಓದನ್ನು ಕಡ್ಡಾಯಗೊಳಿಸಿತು. ಸಂತೋಷ. ಆದರೆ ಭ್ರಾತೃತ್ವವು ಉಚ್ಚಾರಣೆಯಿಂದ ಬರುವುದಿಲ್ಲ. ತರಗತಿಯ ನಾಯಕನನ್ನು ಗುರುಗಳು ನೇಮಿಸುವ ಬದಲು ಒಮ್ಮೆ ಶಲಾಕೆಯಿಂದ ಆರಿಸಲಿ. ಕಡ್ಡಿ ಹಂಚುವವರನ್ನು ಮಕ್ಕಳೇ ಗೊತ್ತುಮಾಡಲಿ. ಜ್ವರದಿಂದ ಮನೆಯಲ್ಲುಳಿದವಳ ಮತವೂ ಬರಲಿ. ಸೋತ ಪಕ್ಷದವನು ಎದ್ದು ನಿಂತು ತನ್ನ ಆಕ್ಷೇಪವನ್ನು ಹೇಳುವವರೆಗೆ ಗಂಟೆ ಬಾರಿಸದಿರಲಿ.