ಕೊಕ್ಕೆ ಹಾಕುವ ಕೈ ಎಲ್ಲಿರಬೇಕು?

ಕಬ್ಬಿನ ಹಂಗಾಮಿನಲ್ಲಿ ಕೊಲ್ಹಾರದ ಸೇತುವೆಯ ಮೇಲೆ ಒಂದು ಗಳಿಗೆ ನಿಂತವರು ಅಲ್ಲಿನ ನೋಟವನ್ನು ಬೇಗ ಮರೆಯಲಾರರು. ಕೆಳಗೆ, ಆಲಮಟ್ಟಿಯ ಕಟ್ಟೆ ತಡೆದು ನಿಲ್ಲಿಸಿದ ಕೃಷ್ಣೆಯ ಹರವಾದ ನೀರು. ಮೇಲೆ, ಎರಡೆರಡು ಟ್ರೇಲರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರುಗಳ ಸಾಲು. 1964ರಲ್ಲಿ ಅಡಿಗಲ್ಲು ಹಾಕಿದ ಆ ಅಣೆಕಟ್ಟಿನ ಹಿನ್ನೀರು ಹಳೆಯ ಕೊಲ್ಹಾರವನ್ನು ನುಂಗಿತು. ಊರು ಮೇಲಕ್ಕೆ ಸರಿದು ಹೊಸದಾಗಿ ಕಟ್ಟಿಕೊಂಡಿತು. ಅದೇ ನೀರು ಸುತ್ತಲಿನ ಹೊಲಗಳಿಗೆ ಏರಿ ಕಬ್ಬನ್ನು ಬೆಳೆಸಿತು. ಮೊಸರಿಗೆ ಹೆಸರಾದ ಈ ಊರಿನ ದಾರಿಗಳಲ್ಲಿ ಈಗ ಚಳಿಗಾಲವೆಂದರೆ ಟ್ರ್ಯಾಕ್ಟರುಗಳ ಕಾಲ.

ಆದರೆ ನಾನು ವಾಚಕರ ಗಮನವನ್ನು ಸೆಳೆಯಬೇಕೆಂದಿರುವುದು ಸೇತುವೆಯ ಕಡೆಗಲ್ಲ, ಹೊಲದ ಅಂಚಿಗೆ. ಅಲ್ಲಿ ಕಬ್ಬು ತುಂಬಿದ ಟ್ರೇಲರು ನಿಂತಿದೆ. ಟ್ರ್ಯಾಕ್ಟರು ಹಿಂದು ಹಿಂದಾಗಿ ಅದರತ್ತ ಬರುತ್ತಿದೆ. ಇವೆರಡರ ನಡುವೆ ಒಬ್ಬ ಕ್ಲೀನರ್ ಹುಡುಗ ನಿಂತಿದ್ದಾನೆ. ಒಂದು ಕೈಯಲ್ಲಿ ಟ್ರೇಲರಿನ ಮುಂಚಾಚಿದ ಎಳೆಗಂಬಿ, ಇನ್ನೊಂದು ಕೈಯಲ್ಲಿ ಉಕ್ಕಿನ ಪಿನ್ನು. "ಬರಲಿ, ಬರಲಿ" ಎನ್ನುತ್ತಾನೆ, ಎಳೆಗಂಬಿಯ ತುದಿಯ ಬಳೆಯು ಟ್ರ್ಯಾಕ್ಟರಿನ ಕೊಂಡಿಯ ತೂತಿಗೆ ಸರಿಯಾಗಿ ಕೂಡಿದ ಕ್ಷಣ "ಸಾಕು!" ಎಂದು ಕೂಗಿ ಪಿನ್ನನ್ನು ಇಳಿಬಿಡುತ್ತಾನೆ. ದಿನಕ್ಕೆ ಹಲವು ಸಲ, ಹಂಗಾಮಿನುದ್ದಕ್ಕೂ, ಬಹುಮಟ್ಟಿಗೆ ಕತ್ತಲಲ್ಲಿಯೂ ಈ ಕೆಲಸ ನಡೆಯುತ್ತದೆ. ಇದನ್ನು ಕೈಯಿಂದಲೇ ಮಾಡಬೇಕೇ, ಅಥವಾ ಯಂತ್ರಕ್ಕೆ ಬಿಡಬೇಕೇ? ಇದೇ ಇಲ್ಲಿಯ ಪ್ರಶ್ನೆ.

ಎತ್ತಿನ ಬಂಡಿಯ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಎತ್ತು ತಾನಾಗಿ ನೊಗದ ಕೆಳಗೆ ಕೊರಳನ್ನು ಒಡ್ಡುತ್ತಿತ್ತು. ಕಮತಿಗನು ಜೊತ್ತಿಗೆಯನ್ನು ಬಿಗಿಯುತ್ತಿದ್ದನು. ಎತ್ತಿಗೆ ಕಣ್ಣುಂಟು, ಕಿವಿಯುಂಟು, ಮನುಷ್ಯನನ್ನು ತುಳಿಯಬಾರದೆಂಬ ಎಚ್ಚರವೂ ಉಂಟು. ಟ್ರ್ಯಾಕ್ಟರಿಗೆ ಇವೊಂದೂ ಇಲ್ಲ. ನಾವು ಎಳೆಯುವ ಪ್ರಾಣಿಯನ್ನು ಬದಲಿಸಿದೆವು, ಹೂಡುವ ಪದ್ಧತಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು. ತೊಡಕು ಇರುವುದು ಇಲ್ಲಿಯೇ.

ಇದನ್ನು ತುಸು ಲೆಕ್ಕ ಹಾಕಿ ನೋಡೋಣ. ಟ್ರೇಲರೂ ಕಬ್ಬೂ ಸೇರಿ 10 ಟನ್ ತೂಕವೆನ್ನೋಣ. ಗಟ್ಟಿಯಾದ ಡಾಂಬರು ರಸ್ತೆಯ ಮೇಲೆ ಗಾಲಿಗಳನ್ನು ಉರುಳಿಸಲು ತೂಕದ ಸುಮಾರು ನೂರರಲ್ಲಿ ಎರಡು ಪಾಲಿನಷ್ಟು ಬಲ ಬೇಕು. ಎಂದರೆ 200 ಕಿಲೋಗ್ರಾಂ ಭಾರದಷ್ಟು ನೂಕು. ಮೆತ್ತನೆಯ ಎರೆಯ ಹೊಲದಲ್ಲಿ ಇದು ಹತ್ತು ಪಾಲಿಗೂ ಏರಬಹುದು. ಆಗ ಬೇಕಾದುದು 1000 ಕಿಲೋಗ್ರಾಂ ಭಾರದಷ್ಟು. ಒಬ್ಬ ಗಟ್ಟಿಗನು ಎದೆಯೊಡ್ಡಿ ನೂಕಿದರೂ ಅದರ ಒಂದು ಸಣ್ಣ ಪಾಲಷ್ಟೇ ಸಂದೀತು. ಆದುದರಿಂದ ಟ್ರೇಲರನ್ನು ಟ್ರ್ಯಾಕ್ಟರಿನ ಬಳಿಗೆ ತರುವುದು ಅಸಾಧ್ಯ. ಟ್ರ್ಯಾಕ್ಟರೇ ಹಿಂದೆ ಸರಿದು ಬರಬೇಕು. ಅದು ಗಂಟೆಗೆ ಕೇವಲ 2 ಕಿಲೋಮೀಟರ್ ವೇಗದಲ್ಲಿ, ನಾವು ನಡೆಯುವುದಕ್ಕಿಂತಲೂ ಮೆಲ್ಲಗೆ ಬರುತ್ತಿದ್ದರೂ, ಒಂದು ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚೇ ಸಾಗುತ್ತದೆ. "ಸಾಕು" ಎಂಬ ಕೂಗು ಚಾಲಕನ ಕಿವಿಯನ್ನು ತಲಪಿ, ಅವನ ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಹುಡುಗನ ಎದೆಗೂ ಉಕ್ಕಿಗೂ ಇರುವ ಅಂತರವು ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಕೆಸರಿನಲ್ಲಿ ಚಾಲಕನ ಕಾಲು ಜಾರಿದರೆ, ಎಂಜಿನಿನ ಸದ್ದಿನಲ್ಲಿ ಕೂಗು ಕೇಳದಿದ್ದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥದೇ ಆಯ್ಕೆಯೊಂದು ಪಶ್ಚಿಮದ ದೇಶಗಳಲ್ಲಿ ತೀರ ಬೇರೆ ಸಂದರ್ಭದಲ್ಲಿ ಎದುರಾಗುತ್ತದೆ. ಅಲ್ಲಿ ರಜೆಯ ದಿನಗಳಲ್ಲಿ ಕಾರಿನ ಹಿಂದೆ 'ಕಾರವಾನ್' ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಹೋಗುವವರು ಬಹಳ. ಕಾರನ್ನು ಬಿಚ್ಚಿದ ಮೇಲೆ ಆ ಮನೆಯನ್ನು ಇಕ್ಕಟ್ಟಾದ ಜಾಗದಲ್ಲಿ ಸರಿಸಿ ನಿಲ್ಲಿಸುವುದಕ್ಕೆ 'ಮೂವರ್' ಎಂಬ ಸಾಧನ ಬಂದಿದೆ. ಗಾಲಿಗಳ ಪಕ್ಕದಲ್ಲಿ ಒಂದೊಂದು ಉರುಳೆ; ಅದನ್ನು ತಿರುಗಿಸಲು 12 ವೋಲ್ಟಿನ ಮೋಟಾರು. ಉರುಳೆಯು ಟಯರಿಗೆ ಬಿಗಿಯಾಗಿ ಒತ್ತಿಕೊಂಡರೆ ಮಾತ್ರ ಘರ್ಷಣೆಯ ಬಲದಿಂದ ಗಾಲಿ ತಿರುಗುತ್ತದೆ. ಒತ್ತು ಸಡಿಲವಾದರೆ ಉರುಳೆ ಜಾರುತ್ತದೆ. ಪ್ರಯಾಣದ ವೇಳೆಯಲ್ಲಿ ಅದು ಟಯರನ್ನು ಮುಟ್ಟದೆ ದೂರವಿರಬೇಕು. ಹೀಗೆ ಒತ್ತುವುದನ್ನೂ ಬಿಡಿಸುವುದನ್ನೂ ಕೈಸಲಾಕೆಯಿಂದ ಮಾಡುವ ಮಾದರಿಗಳಿವೆ. ಗುಂಡಿಯನ್ನು ಅದುಮಿದರೆ ಸಣ್ಣ ಮೋಟಾರೇ ಮಾಡಿಕೊಡುವ ಮಾದರಿಗಳೂ ಇವೆ. ಕೈಯದು ಅಗ್ಗ, ಹಗುರ. ಕೆಡುವ ಭಾಗಗಳು ಕಡಿಮೆ. ಮೋಟಾರಿನದು ಬಗ್ಗಲಾರದ ಮುದುಕರಿಗೆ ಅನುಕೂಲ. ಆದರೆ ಬ್ಯಾಟರಿ ಬರಿದಾದಾಗ ಉರುಳೆ ಟಯರಿಗೆ ಅಂಟಿಕೊಂಡೇ ಉಳಿಯಬಹುದು. ಆದುದರಿಂದ ಅದರಲ್ಲಿಯೂ ಕೈಯಿಂದ ಬಿಡಿಸುವ ಒಂದು ದಾರಿಯನ್ನು ನೋಡಿಕೊಂಡೇ ಕೊಳ್ಳುವುದು ಜಾಣತನ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸಲಾಕೆಯನ್ನು ತಿರುಗಿಸುವಾಗ ಕಾರವಾನ್ ನಿಂತಲ್ಲಿಯೇ ನಿಂತಿರುತ್ತದೆ. ಚಲಿಸುವ ಎರಡು ಭಾರಗಳ ನಡುವೆ ಮನುಷ್ಯನು ಹೋಗಬೇಕಾಗಿಲ್ಲ. ಆದುದರಿಂದ ಅಲ್ಲಿಯ ಆಯ್ಕೆ ಸೊಂಟಕ್ಕೂ ಕೈಚೀಲಕ್ಕೂ ಸಂಬಂಧಿಸಿದ್ದು; ಆರೋಗ್ಯವಂತನಿಗೆ ಕೈಯ ಮಾದರಿಯೇ ಧಾರಾಳವಾಗಿ ಸಾಕೆಂದು ನನ್ನ ಅಭಿಪ್ರಾಯ. ಕೊಲ್ಹಾರದ ಹೊಲದಂಚಿನ ಆಯ್ಕೆಯಾದರೋ ಎಲುಬಿಗೂ ಪ್ರಾಣಕ್ಕೂ ಸಂಬಂಧಿಸಿದ್ದು.

ಹಾಗಾದರೆ ಎಲ್ಲವನ್ನೂ ಯಂತ್ರಶಕ್ತಿಗೆ ಒಪ್ಪಿಸಿಬಿಡೋಣವೆಂದು ಯಾರಾದರೂ ಹೇಳಿಯಾರು. ಆತುರಪಡುವುದು ಬೇಡ. ರೈಲಿನ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಪಾಠವುಂಟು. ಅಮೆರಿಕದ ರೈಲುಗಳಲ್ಲಿ ಹಿಂದೆ ಡಬ್ಬಿಗಳನ್ನು ಜೋಡಿಸುತ್ತಿದ್ದುದೂ ಬಳೆ ಮತ್ತು ಪಿನ್ನಿನಿಂದಲೇ. ಎರಡು ಡಬ್ಬಿಗಳ ನಡುವೆ ನಿಂತು ಬಳೆಯನ್ನು ತೂತಿಗೆ ಕೂಡಿಸುವಾಗ ಬೆರಳು ಕಳೆದುಕೊಂಡವರಿಗೂ ಪ್ರಾಣ ಬಿಟ್ಟವರಿಗೂ ಲೆಕ್ಕವಿರಲಿಲ್ಲ. 1873ರಲ್ಲಿ ಈಲೈ ಜ್ಯಾನಿ ಎಂಬುವನು ಹೊಸದೊಂದು ಕೊಂಡಿಗೆ ಪೇಟೆಂಟು ಪಡೆದನು. ಮಡಿಸಿದ ಎರಡು ಕೈಗಳ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ, ಡಬ್ಬಿಗಳು ತಾಗಿದೊಡನೆ ಅದರ ದವಡೆಗಳು ತಾವಾಗಿ ಮುಚ್ಚಿ ಬೀಗ ಬೀಳುತ್ತಿದ್ದವು. ಬಿಡಿಸುವುದಕ್ಕೆ ಡಬ್ಬಿಯ ಪಕ್ಕದಲ್ಲಿ ನಿಂತು ಒಂದು ಸರಳನ್ನು ಎತ್ತಿದರೆ ಸಾಕು. ಎಂದಿನಂತೆ ವೆಚ್ಚದ ಮಾತು ಬಂದಿತು. ಕೊನೆಗೆ 1893ರಲ್ಲಿ ಕಾನೂನು ಮಾಡಿ ಇಂಥ ಕೊಂಡಿಗಳನ್ನು ಕಡ್ಡಾಯಗೊಳಿಸಬೇಕಾಯಿತು. ಆ ಬಳಿಕ ಜೋಡಣೆಯ ಅಪಘಾತಗಳು ಬಹಳವಾಗಿ ಇಳಿದವು. ನಮ್ಮ ಸರಕು ರೈಲುಗಳ ಮಧ್ಯದ ಕೊಂಡಿಯೂ ಇದೇ ವಂಶದ್ದು.

ವಾಚಕರು ಗಮನಿಸಿರಬಹುದು: ಜ್ಯಾನಿಯ ಕೊಂಡಿಯಲ್ಲಿ ಮೋಟಾರೇ ಇಲ್ಲ! ಡಬ್ಬಿಗಳು ಒಂದಕ್ಕೊಂದು ತಾಗುವ ನೂಕೇ ಅದನ್ನು ಮುಚ್ಚುತ್ತದೆ. ಮನುಷ್ಯನ ಕೈಯೇ ತೆರೆಯುತ್ತದೆ. ಅದು ಕೈಯನ್ನು ತೊಲಗಿಸಲಿಲ್ಲ, ಕೈಯ ಜಾಗವನ್ನು ಬದಲಿಸಿತು. ಕೈಯೋ ಯಂತ್ರವೋ ಎಂಬ ಪ್ರಶ್ನೆಯೇ ಅಷ್ಟು ಸರಿಯಾದುದಲ್ಲವೆಂದೂ, ಕೈ ಎಲ್ಲಿರಬೇಕು ಎಂಬುದೇ ನಿಜವಾದ ಪ್ರಶ್ನೆಯೆಂದೂ ನಾನು ಹೇಳುವುದು ಇದಕ್ಕಾಗಿಯೇ.

ಟ್ರ್ಯಾಕ್ಟರಿಗೆ ಬರೋಣ. ಇಲ್ಲಿಯೂ ಎರಡು ದಾರಿಗಳು ಹಿಂದೆಯೇ ತೆರೆದಿವೆ. ಒಂದು, ಶಕ್ತಿಯ ಕೊಕ್ಕೆ. ಹ್ಯಾರಿ ಫರ್ಗ್ಯುಸನ್ನನ ಟ್ರ್ಯಾಕ್ಟರುಗಳಲ್ಲಿ 1940ರ ದಶಕದಲ್ಲಿಯೇ ಇಂಥದು ಬಂದಿತ್ತು. ಚಾಲಕನು ಕೊಕ್ಕೆಯನ್ನು ಕೆಳಗಿಳಿಸಿ ಹಿಂದೆ ಸರಿಯುತ್ತಾನೆ. ಅದು ಬಳೆಯ ಕೆಳಗೆ ಬಂದಾಗ ಹೈಡ್ರಾಲಿಕ್ ಬಲದಿಂದ ಮೇಲೆತ್ತುತ್ತಾನೆ. ಆಸನವನ್ನು ಬಿಟ್ಟು ಇಳಿಯುವುದೇ ಬೇಡ. ಎರಡು ಗಾಲಿಯ ಟ್ರೇಲರಿಗೆ ಇದು ಅತ್ಯಂತ ಯೋಗ್ಯವಾದುದು. ಅಂಥ ಟ್ರೇಲರಿನ 8 ಟನ್ ಭಾರದಲ್ಲಿ ಹತ್ತರಲ್ಲೊಂದು ಪಾಲು ಮೂತಿಯ ಮೇಲೆ ಬಿದ್ದರೂ 800 ಕಿಲೋಗ್ರಾಂ ಆಯಿತು. ಅದನ್ನು ಹುಡುಗನ ತೋಳು ಎತ್ತಲಾರದು.

ಇನ್ನೊಂದು, ಸ್ಪ್ರಿಂಗಿನ ದವಡೆ. ಬಳೆಯು ದವಡೆಯೊಳಗೆ ಹೊಕ್ಕು ಒಂದು ನಾಲಗೆಯನ್ನು ತಳ್ಳಿದೊಡನೆ, ಮೇಲೆ ಕಾದಿದ್ದ ಪಿನ್ನು ತಾನಾಗಿ ಕೆಳಗೆ ಬೀಳುತ್ತದೆ. ಬಿಡಿಸಲು ಪಕ್ಕದಲ್ಲಿ ಒಂದು ಹಿಡಿ. ಎಳೆಗಂಬಿಯನ್ನು ತಕ್ಕ ಎತ್ತರದಲ್ಲಿ ಹಿಡಿದು ನಿಲ್ಲಿಸಲು ಒಂದು ಸ್ಪ್ರಿಂಗನ್ನೋ ಊರುಗಾಲನ್ನೋ ಮೊದಲೇ ಹೊಂದಿಸಿರಬೇಕು, ಅಷ್ಟೆ. ಕಬ್ಬಿನ ಸಾಗಣೆಗೆ ಇದರ ಬೆಲೆ ಹೆಚ್ಚು. ಏಕೆಂದರೆ ನಮ್ಮಲ್ಲಿ ಎರಡನೆಯ ಟ್ರೇಲರು ಸೇರುವುದು ಟ್ರ್ಯಾಕ್ಟರಿಗಲ್ಲ, ಮೊದಲನೆಯ ಟ್ರೇಲರಿನ ಬಾಲಕ್ಕೆ. ಅಲ್ಲಿ ಹೈಡ್ರಾಲಿಕ್ ಶಕ್ತಿಯ ಕೊಕ್ಕೆಯಿಲ್ಲ. ಚಾಲಕನಿಗೆ ಆ ಜಾಗ ಕಾಣುವುದೂ ಇಲ್ಲ. ಅಪಾಯ ಅತಿ ಹೆಚ್ಚಾಗಿರುವ ಈ ಜೋಡಣೆಯಲ್ಲಿ ನೆರವಾಗಬಲ್ಲದು ಶಕ್ತಿಯಿಲ್ಲದ ಈ ಸರಳ ದವಡೆಯೇ.

ಆಕ್ಷೇಪಗಳಿಲ್ಲದಿಲ್ಲ. ರವದಿಯೂ ಮಣ್ಣೂ ಸಿಕ್ಕಿ ದವಡೆ ಅರ್ಧಕ್ಕೇ ನಿಲ್ಲಬಹುದು. ಪಿನ್ನು ಪೂರ್ತಿ ಇಳಿಯದೆ ಇಳಿದಂತೆ ಕಂಡರೆ ರಸ್ತೆಯ ಮೇಲೆ ಟ್ರೇಲರು ಕಳಚಿಕೊಳ್ಳಬಹುದು. ಮಾತು ನಿಜ. ಆದುದರಿಂದ ಜೋಡಣೆಯಾದ ಮೇಲೆ, ಗಾಡಿ ನಿಂತಿರುವಾಗ, ಕಣ್ಣಿನಿಂದ ನೋಡಿ ಕೈಯಿಂದ ಮುಟ್ಟಿ ಪರೀಕ್ಷಿಸುವ ಕೆಲಸ ಮನುಷ್ಯನದೇ. ಹೈಡ್ರಾಲಿಕ್ ಎಣ್ಣೆ ಸೋರಿದರೆ ಕೊಕ್ಕೆ ಇಳಿದುಬಿಡುವುದೆಂಬುದೂ ನಿಜ. ಅದಕ್ಕೇ ಎತ್ತುವ ಕೆಲಸವನ್ನು ಶಕ್ತಿ ಮಾಡಲಿ, ಎತ್ತಿದ್ದನ್ನು ಹಿಡಿದಿಡುವ ಕೆಲಸವನ್ನು ಉಕ್ಕಿನ ಅಗುಳಿಯೇ ಮಾಡಲಿ. ದೊಡ್ಡ ಅಣೆಕಟ್ಟುಗಳ ಬಾಗಿಲುಗಳನ್ನು ಮೋಟಾರು ಎತ್ತಿದರೂ, ವಿದ್ಯುತ್ತು ಹೋದ ದಿನಕ್ಕೆಂದು ಬೇರೊಂದು ಏರ್ಪಾಡನ್ನು ಇಟ್ಟುಕೊಳ್ಳುವುದು ಎಂಜಿನಿಯರರ ರೂಢಿ. ಆ ಎಚ್ಚರ ಇಲ್ಲಿಯೂ ಬೇಕು.

ಇನ್ನು ವೆಚ್ಚ. ಎರಡು ಬೆಸುಗೆ, ಒಂದು ದವಡೆ, ಒಂದು ಸ್ಪ್ರಿಂಗು. ಟ್ರೇಲರಿನ ಬೆಲೆಯ ಮುಂದೆ ಇದು ದೊಡ್ಡ ಮಾತಲ್ಲ. ಬಳೆಯ ಅಳತೆ ಒಬ್ಬೊಬ್ಬರದು ಒಂದೊಂದಾಗಿರುವುದೇ ನಿಜವಾದ ತೊಡಕು. ಕಬ್ಬು ತರಿಸಿಕೊಳ್ಳುವ ಕಾರ್ಖಾನೆಗಳು ಒಂದೇ ಅಳತೆಯನ್ನು ಗೊತ್ತುಮಾಡಿ, ಹಂಗಾಮು ತೊಡಗುವ ಮೊದಲು ಟ್ರೇಲರುಗಳನ್ನು ಪರೀಕ್ಷಿಸಿದರೆ ಆ ತೊಡಕೂ ನೀಗೀತು. ಇದನ್ನು ಬಡ ರೈತನೊಬ್ಬನ ಹೊಣೆಗೆ ಬಿಡುವುದು ನ್ಯಾಯವಲ್ಲ.

ಅಲ್ಲಿಯವರೆಗೆ ಕಾಸಿಲ್ಲದೆ ಮಾಡಬಹುದಾದುದೊಂದುಂಟು. ಟ್ರೇಲರಿನ ಗಾಲಿಗಳಿಗೆ ಕಲ್ಲು ಕೊಡಿ. ಟ್ರ್ಯಾಕ್ಟರು ಬಳೆಯ ಬಳಿಗೆ ಬಂದು ಪೂರ್ತಿ ನಿಲ್ಲಲಿ. ಗೇರು ತೆಗೆದು ಕೈಬ್ರೇಕು ಹಾಕಲಿ. ಆಮೇಲೆ ಮಾತ್ರ ಹುಡುಗನು ನಡುವೆ ಕಾಲಿಡಲಿ. ಬಳೆ ನಾಲ್ಕು ಬೆರಳು ತಪ್ಪಿದರೆ ಅವನು ಹೊರಗೆ ಬರಲಿ, ಟ್ರ್ಯಾಕ್ಟರು ಮತ್ತೊಮ್ಮೆ ಸರಿಯಲಿ. ಇದಕ್ಕೆ ಎರಡು ನಿಮಿಷ ಹೆಚ್ಚು ಹಿಡಿದೀತು. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವ ನಮಗೆ, ಹೊಲದಂಚಿನಲ್ಲಿ ಒಬ್ಬ ಹುಡುಗನಿಗಾಗಿ ಎರಡು ನಿಮಿಷ ಕಾಯುವುದು ಹೆಚ್ಚಾಗಲಾರದು.