ತೊಟ್ಟಿಯೊಳಗಿನ ಸಮುದ್ರಕ್ಕೆ ಹವಳ ಎಲ್ಲಿಂದ?

ನನ್ನ ಬಯೋಡೇಟಾದಲ್ಲಿ 'ಅನುಭವ' ಎಂಬ ಕಾಲಂ ಒಂದು ವರ್ಷ ಖಾಲಿಯೇ ಇತ್ತು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿದೆ. ಬ್ಯಾಂಕ್ ಪರೀಕ್ಷೆ ಎರಡು ಸಲ, ಎಫ್‌ಡಿಎ ಒಂದು ಸಲ ಬರೆದೆ. ನಡುವೆ ಒಂದು ಸೀಸನ್ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಡೈವಿಂಗ್‌ಗೆ ಕರೆದೊಯ್ಯುವ ದೋಣಿಯಲ್ಲಿ ಸಿಲಿಂಡರ್ ಎತ್ತಿಕೊಡುವ ಕೆಲಸ ಮಾಡಿದೆ. ಕೊನೆಗೆ ಬೆಂಗಳೂರಿಗೆ ಬಂದಾಗ ಸಿಕ್ಕಿದ್ದು, ಅಕ್ವೇರಿಯಂ ಅಳವಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಸಹಾಯಕನ ಕೆಲಸ. "ತಮಾ, ಮೀನು ಹಿಡಿಯೋ ಕೆಲಸ ಬೇಡ ಅಂತ ಓದ್ಸಿದ್ರೆ, ಮೀನಿಗೆ ನೀರು ತುಂಬೋ ಕೆಲಸಕ್ಕೆ ಹೋದ್ಯಾ?" ಎಂದು ಅಪ್ಪ ಫೋನಿನಲ್ಲಿ ನಕ್ಕ.

ನಗುವ ಕೆಲಸ ಅಲ್ಲ ಅದು ಎಂದು ಗೊತ್ತಾಗಿದ್ದು ಸರ್ಜಾಪುರ ರಸ್ತೆಯ ಒಂದು ವಿಲ್ಲಾದಲ್ಲಿ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ತೊಟ್ಟಿ. ಅದರೊಳಗೆ ಹವಳದ ದಿಬ್ಬದಂಥ ಒಂದು ಸಮುದ್ರ. ಯಜಮಾನರಿಗೆ ಅದು ಮೊದಲ ಮಹಡಿಯ ಹಾಲ್‌ನಲ್ಲಿ, ಸೋಫಾದ ಎದುರಿಗೇ ಬೇಕಿತ್ತು. ಲೆಕ್ಕ ಹಾಕಿ ನೋಡಿ: 50 ಘನ ಅಡಿ, ಅಂದರೆ 1,400 ಲೀಟರ್ ನೀರು. ಉಪ್ಪುನೀರು ಸಿಹಿನೀರಿಗಿಂತ ತುಸು ಭಾರ. 19 ಮಿ.ಮೀ. ದಪ್ಪದ ಗಾಜೇ 300 ಕಿಲೊ ದಾಟುತ್ತದೆ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಎರಡು ಟನ್. ವಾಸದ ಮನೆಯ ಕೋಣೆಯಲ್ಲಿ ಜನ, ಸಾಮಾನುಗಳಿಗೆಂದು ಎಂಜಿನಿಯರ್‌ಗಳು ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೊ. ನಮ್ಮ ತೊಟ್ಟಿ ಕೂರುವ ಜಾಗ ಎರಡು ಚದರ ಮೀಟರ್ ಕೂಡ ಇಲ್ಲ!

"ಹಬ್ಬಕ್ಕೆ ಇಪ್ಪತ್ತು ಜನ ನೆಂಟರು ಬಂದ್ರೆ ತಡ್ಕೊಳ್ಳೋ ನೆಲ, ನಾಲ್ಕು ಮೀನು ತಡ್ಕೊಳ್ಳಲ್ವಾ?" ಎಂದು ಯಜಮಾನರು ಕೇಳಿದರು. ಕಟ್ಟಡದ ಎಂಜಿನಿಯರ್ ಹೇಳಿದ್ದು ನನಗೆ ಇಂದಿಗೂ ಮರೆತಿಲ್ಲ. "ಇಪ್ಪತ್ತಲ್ಲ ಸರ್, ಮೂವತ್ತು ಜನ. ಒಂದು ಮಂಚದಷ್ಟು ಜಾಗದಲ್ಲಿ ಒಬ್ಬರ ಮೇಲೊಬ್ಬರು ಹತ್ತಿ, ವರ್ಷಗಟ್ಟಲೆ ಕದಲದೆ ನಿಂತಿರ್ತಾರೆ." ತೊಟ್ಟಿ ನೆಲಮಹಡಿಗೆ ಇಳಿಯಿತು.

ಬಾಗಿಲಲ್ಲಿ ಹಿಡಿಸದ ಕಾರಣ ಗಾಜುಗಳನ್ನು ಬಿಡಿಬಿಡಿಯಾಗಿ ತಂದು ಅಲ್ಲೇ ಸಿಲಿಕೋನ್ ಹಾಕಿ ಅಂಟಿಸಿದೆವು. ಅದು ಗಟ್ಟಿಯಾಗಲು ಹತ್ತು ದಿನ ಮುಟ್ಟದೆ ಬಿಟ್ಟೆವು. ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ. ನಮ್ಮ ಕಸುಬಿನಲ್ಲಿ ಅದಕ್ಕೂ ಸಂಪ್ ಎಂದೇ ಹೆಸರು, ಆದರೆ ಅಂಗಳದಲ್ಲಿ ಕಾವೇರಿ ನೀರು ತುಂಬುವ ಸಂಪ್ ಅಲ್ಲ. ಮೇಲಿನ ತೊಟ್ಟಿಯಿಂದ ನೀರು ಪೈಪಿನಲ್ಲಿ ಇದಕ್ಕೆ ಇಳಿದು, ಇಲ್ಲಿ ಕಸ ಸೋಸಿ, ತಣ್ಣಗಾಗಿ, ಪಂಪಿನಿಂದ ಮತ್ತೆ ಮೇಲಕ್ಕೆ ಹೋಗುತ್ತದೆ. ನೋಡಲು ಬಂದವರೆಲ್ಲ ಹಾಲ್‌ನ ಗಾಜಿನ ಮುಂದೆ ನಿಲ್ಲುತ್ತಾರೆ. ನಿಜವಾದ ಕೆಲಸ ನಡೆಯುವುದು ಮೆಟ್ಟಿಲ ಕೆಳಗೆ.

ನಾನು ಎಡವಿದ್ದೂ ಅಲ್ಲೇ. ಉಪ್ಪು ಬೆರೆಸುವ ಮೊದಲು ಬರೀ ನೀರು ತುಂಬಿ, ಕರೆಂಟ್ ಹೋದರೆ ಏನಾಗುತ್ತದೆಂದು ನೋಡಲು ಪಂಪ್ ಆಫ್ ಮಾಡಿದೆವು. ಪಂಪ್ ನಿಂತ ಕೂಡಲೇ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿಯತೊಡಗುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ಅದು ನಿಲ್ಲುವುದಿಲ್ಲ. ಆ ಬಾಯಿಯನ್ನು ನೀರಿನ ಮಟ್ಟಕ್ಕಿಂತ ನಾಲ್ಕು ಇಂಚು ಕೆಳಗೆ ಜೋಡಿಸಿದವನು ನಾನು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಂದು ಇಂಚು ಎಂದರೆ 47 ಲೀಟರ್. ನಾಲ್ಕು ಇಂಚಿಗೆ 188. ಸಂಪ್‌ನಲ್ಲಿ ಖಾಲಿ ಇದ್ದದ್ದು 100 ಲೀಟರ್ ಜಾಗ. ಉಳಿದದ್ದು ಸ್ಟೋರ್ ರೂಮಿನಿಂದ ಹೊರಟು ಪಕ್ಕದ ಕೋಣೆಯ ಮರದ ನೆಲಹಾಸಿನ ಕೆಳಗೆ ಸೇರಿತು. ಸೈಫನ್ ಪಾಠ ಹೈಸ್ಕೂಲಿನಲ್ಲೇ ಆಗಿತ್ತು, ಚಿತ್ರ ಬರೆದು ಪೂರ್ತಿ ಅಂಕವನ್ನೂ ಪಡೆದಿದ್ದೆ. ಉಬ್ಬಿದ ನೆಲಹಾಸಿನ ಹಣ ಮೂರು ತಿಂಗಳು ನನ್ನ ಸಂಬಳದಲ್ಲಿ ಕಡಿತವಾಯಿತು. ಮರುದಿನ ಪೈಪನ್ನು ಮೇಲೆತ್ತಿ, ನೀರಿನ ಮಟ್ಟದ ಕೆಳಗೇ ಗಾಳಿ ಎಳೆಯಲು ಒಂದು ಸಣ್ಣ ತೂತು ಕೊರೆದೆ. ಎರಡು ನಿಮಿಷದ ಕೆಲಸ.

ನೀರಿನದು ಇನ್ನೊಂದು ಕಥೆ. ಟ್ಯಾಂಕರ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದಾಗ 740 ತೋರಿಸಿತು. ಅದನ್ನು ಸೊನ್ನೆಗೆ ಇಳಿಸಿ, ಆಮೇಲೆ ಲೀಟರಿಗೆ 35 ಗ್ರಾಂಗಿಂತ ತುಸು ಹೆಚ್ಚು ಸಮುದ್ರದ ಉಪ್ಪಿನ ಮಿಶ್ರಣ ಹಾಕಬೇಕು. ಸಂಪ್ ಸೇರಿಸಿ ನಮಗೆ ಬೇಕಾದದ್ದು 60 ಕಿಲೊ ದಾಟಿತು. ಆದರೆ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಇದೇ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಹೀಗಿರುವಾಗ ಅಲಂಕಾರಕ್ಕಾಗಿ ಸಾವಿರಾರು ಲೀಟರ್ ಚರಂಡಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಒಂದು ಉದ್ದದ ಪೈಪ್ ಎಳೆದು ಡ್ರಮ್‌ಗಳಿಗೆ ತುಂಬಿಸಿದೆ. ಮನೆ ಒರೆಸಲು, ಟಾಯ್ಲೆಟ್ಟಿಗೆ ಅದೇ ಬಳಕೆಯಾಯಿತು.

ಕಲ್ಲು ನಮ್ಮ ಶೆಡ್ಡಿನಲ್ಲೇ ತಯಾರಾಗಿತ್ತು. ಬಿಳಿ ಸಿಮೆಂಟ್, ಪುಡಿ ಮಾಡಿದ ಚಿಪ್ಪು, ಕಲ್ಲುಪ್ಪು ಕಲಸಿ ಮರಳಿನ ಗುಂಡಿಗಳಲ್ಲಿ ಸುರಿದರೆ, ಉಪ್ಪು ಕರಗಿಹೋಗಿ ತೂತುತೂತಾದ ಕಲ್ಲು ಉಳಿಯುತ್ತದೆ. ಸಿಮೆಂಟಿನ ಕ್ಷಾರ ಇಳಿಯುವವರೆಗೆ ಎರಡು ತಿಂಗಳು ನೀರು ಬದಲಿಸುತ್ತಿರಬೇಕು. ಆಮೇಲೆ ತೊಟ್ಟಿಗೆ ಇಳಿಸಿ ಮತ್ತೆ ಕಾಯಬೇಕು. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಆ ತೂತುಗಳಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ. ಅಲ್ಲಿಯವರೆಗೆ ಮೀನು ಬಿಟ್ಟರೆ ಸಾಯುತ್ತದೆ. ಬ್ಯಾಕ್ಟೀರಿಯಾಕ್ಕೆ ಮುಹೂರ್ತ ಗೊತ್ತಿಲ್ಲ, ಗೃಹಪ್ರವೇಶ ಹತ್ತಿರ ಬಂದಿತ್ತು. ಗಾಜಿನ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿದ್ದನ್ನು ನೋಡಿ ಆ ಮನೆಯ ಅಜ್ಜಿ, "ಇಷ್ಟು ದುಡ್ಡು ಕೊಟ್ಟು ಪಾಚಿ ಬೆಳೆಸ್ತಿದ್ದೀರೇನಪ್ಪಾ? ನಮ್ಮೂರ ಕೆರೇಲಿ ಪುಕ್ಕಟೆ ಸಿಗೋದು" ಎಂದರು. ನಿಜ ಹೇಳಬೇಕೆಂದರೆ ಆ ಹಂತದಲ್ಲಿ ನಡೆಯುವುದು ಅದೇ.

ಗೃಹಪ್ರವೇಶಕ್ಕೆ ಹತ್ತು ದಿನ ಇರುವಾಗ ಯಜಮಾನರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ನೀಲಿ ಬೆಳಕಿನಲ್ಲಿ ಹಸಿರು, ನೇರಳೆ, ಕಿತ್ತಳೆ ಬಣ್ಣದ ಜೀವಂತ ಹವಳಗಳು. ಒಬ್ಬ ವ್ಯಾಪಾರಿ ಕಳಿಸಿದ್ದು. ನಮ್ಮ ಸಂಸ್ಥೆಯ ಯಜಮಾನರಿಗೆ ಅದರಲ್ಲಿ ಒಳ್ಳೆಯ ಕಮಿಷನ್ ಇತ್ತು. ಗಾಜು, ಪೈಪುಗಳಲ್ಲಿ ಉಳಿಯುವ ಲಾಭಕ್ಕಿಂತ ಹೆಚ್ಚು.

ನಾನು ಬೇಡ ಅಂದೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲೇ. 2001ರಲ್ಲಿ ಸೇರಿಸಿದ್ದು. ಕಡಲಕುದುರೆ, ಕಡಲಸೌತೆ ಕೂಡ ಅದರಲ್ಲಿವೆ. ಶಿಕ್ಷೆ ಮೂರರಿಂದ ಏಳು ವರ್ಷದವರೆಗೆ ಜೈಲು. ಹೊರದೇಶದಿಂದ ತರಿಸಿದ್ದು ಎಂದರೆ ಅದಕ್ಕೆ ಸೈಟಿಸ್ ಒಪ್ಪಂದದ ಅನುಮತಿ ಪತ್ರ ಬೇಕು. ವ್ಯಾಪಾರಿಗೆ ನಾನೇ ಫೋನ್ ಮಾಡಿ ಪತ್ರ ಕೇಳಿದೆ. "ಎಲ್ಲರೂ ಇಟ್ಕೊಂಡಿದ್ದಾರೆ, ನಿಮಗೊಬ್ಬರಿಗೇ ಪೇಪರ್ ಬೇಕಾ?" ಎಂದವನು ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಕಾನೂನು ಗೊತ್ತಿತ್ತು ಅಂತ ಮಾತ್ರ ಬೇಡ ಅಂದೆನೇ? ಇಲ್ಲ. ನೇತ್ರಾಣಿಯಲ್ಲಿ ಒಮ್ಮೆ ದೋಣಿಯ ಅಣ್ಣ ನನ್ನನ್ನೂ ನೀರಿಗಿಳಿಸಿದ್ದ. ಕುರ್ಚಿಯಷ್ಟು ದೊಡ್ಡ ಗುಂಡು ಹವಳದ ಪಕ್ಕ ತೇಲುತ್ತ, ಇದು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುವುದಲ್ಲವೇ ಎಂದು ಪಠ್ಯಪುಸ್ತಕ ನೆನಪಾಯಿತು. ಅಪ್ಪನಿಗಿಂತ ಹಿರಿಯದು, ಬಹುಶಃ ಅಜ್ಜನಿಗಿಂತಲೂ. 2024ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡ ಸುದ್ದಿ ಓದಿದಾಗಲೂ ಅದೇ ಕಣ್ಣ ಮುಂದೆ ಬಂತು. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ, ಊಟ ಎರಡೂ ಆ ಪಾಚಿಯದೇ.

ಯಜಮಾನರೂ ಸುಮ್ಮನೆ ಬಿಡಲಿಲ್ಲ. "ಬೇರೆ ದೇಶಗಳಲ್ಲಿ ತುಂಡು ಕತ್ತರಿಸಿ ತೊಟ್ಟಿಯಲ್ಲೇ ಬೆಳೆಸ್ತಾರೆ, ಸಮುದ್ರದಿಂದ ಕೀಳಲ್ಲ. ಅದೂ ತಪ್ಪಾ?" ಎಂದರು. ತಪ್ಪಲ್ಲ. ಹಾಗೆ ಬೆಳೆಸಲು ಕಲಿತ ವಿದ್ಯೆ ಹಾಳಾದ ದಿಬ್ಬಗಳಿಗೆ ಹವಳ ನೆಡಲೂ ಉಪಯೋಗಕ್ಕೆ ಬರುತ್ತದೆ. ನಮ್ಮ ದೂರು ಇರಬೇಕಾದದ್ದು ಇಲ್ಲಿಯೇ. ತೊಟ್ಟಿಯಲ್ಲಿ ಬೆಳೆಸಿದ್ದು ಯಾವುದು, ಸಮುದ್ರದಿಂದ ಕಿತ್ತದ್ದು ಯಾವುದು ಎಂದು ಗ್ರಾಹಕ ಗುರುತಿಸುವಂಥ ಸರಳ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಇದ್ದಿದ್ದರೆ ನನ್ನಂಥ ಪದವೀಧರರಿಗೆ ಅದೊಂದು ಉದ್ಯೋಗವೇ ಆಗುತ್ತಿತ್ತು. ಮೀನಿನಲ್ಲಿ ಇದು ಸಾಧ್ಯ ಎಂದು ತೋರಿಸಿಯಾಗಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿ ಮಾಡಿಸಿ ಬೆಳೆಸುವ ವಿಧಾನ ರೂಪಿಸಿ ವರ್ಷಗಳಾದವು. ಲಕ್ಷದ್ವೀಪದ ಅಗತ್ತಿಯಲ್ಲಿ ಮಹಿಳೆಯರು ಅಲಂಕಾರಿಕ ಸಿಗಡಿ ಸಾಕುವುದನ್ನು ಕಲಿತಿದ್ದಾರೆ. ಮುನ್ನೂರು ಕಿಲೊಮೀಟರ್ ಕರಾವಳಿ ಇರುವ ನಮ್ಮ ರಾಜ್ಯದ ಹುಡುಗರು ಇದನ್ನು ಹೊಟ್ಟೆಪಾಡಾಗಿ ಯೋಚಿಸಬಾರದೇ? ಅಷ್ಟರವರೆಗೆ, ಕಾಗದಪತ್ರ ಇಲ್ಲದ ಹವಳವನ್ನು 'ಎಲ್ಲರೂ ಇಟ್ಟುಕೊಂಡಿದ್ದಾರೆ' ಎಂಬ ಕಾರಣಕ್ಕೆ ತೊಟ್ಟಿಗೆ ಇಳಿಸುವುದು ಕಳ್ಳತನದ ಮಾಲಿಗೆ ಲೈಟು ಹಾಕಿದಂತೆ.

ಇಷ್ಟನ್ನೆಲ್ಲ ಆವತ್ತು ಇಷ್ಟು ಚೆನ್ನಾಗಿ ಹೇಳಲಿಲ್ಲ ಬಿಡಿ. ತೊದಲುತ್ತ ಹೇಳಿದೆ. ನಮ್ಮ ಸಂಸ್ಥೆಯ ಯಜಮಾನರು ನನ್ನನ್ನು ಹೊರಗೆ ಕರೆದು, "ನೋಡಪ್ಪ, ನಿನ್ನ ನೀತಿಪಾಠಕ್ಕೆ ನಾನು ಸಂಬಳ ಕೊಡ್ತಿಲ್ಲ. ಗಿರಾಕಿ ಹೋದ್ರೆ ನೀನೂ ಹೋಗ್ತೀಯ" ಎಂದರು. ಆ ರಾತ್ರಿ ಪಿ.ಜಿ.ಯಲ್ಲಿ ಬಯೋಡೇಟಾ ತೆಗೆದು 'ಅನುಭವ: ಏಳು ತಿಂಗಳು' ಎಂದು ಟೈಪ್ ಮಾಡಿಟ್ಟುಕೊಂಡೆ.

ಗಿರಾಕಿ ಹೋಗಲಿಲ್ಲ. ನಿರ್ಧಾರ ಮಾಡಿದ್ದು ಅವರ ವಕೀಲ ತಮ್ಮನಂತೆ. ನನ್ನ ಮಾತಿಗಿಂತ 'ಏಳು ವರ್ಷ' ಎಂಬುದು ಹೆಚ್ಚು ಕೆಲಸ ಮಾಡಿರಬೇಕು. ಹ್ಯಾಚರಿಯಲ್ಲಿ ಹುಟ್ಟಿದ ಎರಡು ಜೋಡಿ ಕ್ಲೌನ್, ಆರು ಡ್ಯಾಮ್ಸೆಲ್ ಮೀನು ಬಿಟ್ಟೆವು. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿದ್ದು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ ಎಂದಾಗ ಅಜ್ಜಿ ನಂಬಲಿಲ್ಲ, ಎಂಟನೇ ಕ್ಲಾಸಿನ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಕಮಿಷನ್ ತಪ್ಪಿದ ಸಿಟ್ಟು ನಮ್ಮ ಯಜಮಾನರಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಈ ಸಲ ಇನ್‌ಕ್ರಿಮೆಂಟ್ ಕೇಳುವ ಧೈರ್ಯ ನನಗೂ ಬಂದಿಲ್ಲ.

ಪ್ರತಿ ಎರಡನೇ ಶನಿವಾರ ನೀರು ಬದಲಿಸಲು ಹೋಗುತ್ತೇನೆ, ನೂರೈವತ್ತು ಲೀಟರ್. ಕಲ್ಲಿನ ಮೇಲ್ಭಾಗದಲ್ಲಿ, ಬೆಳಕು ನೇರವಾಗಿ ಬೀಳುವ ಕಡೆ ಒಂದು ಚಪ್ಪಟೆ ಜಾಗ ಖಾಲಿ ಇದೆ. ಅದೇಕೆ ಬಿಟ್ಟಿದ್ದೀರಿ ಎಂದು ಹುಡುಗಿ ಕೇಳಿದಳು. ಹವಳಕ್ಕೆ ಅಂತ ಅಂದೆ. ಯಾವಾಗ ಬರುತ್ತೆ ಎಂದಳು. ಪೇಪರ್ ಬಂದಾಗ ಎಂದೆ. ಅವಳು ಅದನ್ನು ದಿನಪತ್ರಿಕೆ ಎಂದುಕೊಂಡಳೋ ಏನೋ, ಮುಂದಿನ ಸಲ ಹೋದಾಗ ಅದರ ಬಗ್ಗೆ ಒಂದು ಕತ್ತರಿಸಿದ ತುಣುಕು ತಂದು ತೋರಿಸಿದಳು.